ಕ್ಲಬ್ಬಿನ ಬಾಗಿಲು

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಬೆಳಗಿನ ಹೊತ್ತು ನಡೆದುಹೋಗುವವನ ಕಿವಿಗೆ ಮೊದಲು ಬೀಳುವುದು ಮಗ್ಗದ ಸದ್ದು. ಲಾಳಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುತ್ತದೆ. ಪ್ರತಿ ಓಟಕ್ಕೂ ಬಟ್ಟೆ ಒಂದು ಎಳೆಯಷ್ಟು ಬೆಳೆಯುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡು ಬಿಡಿಸಿದವರ ದುಡಿಮೆಯೆಲ್ಲ ಆ ಎಳೆಯಲ್ಲಿ ಸೇರಿದೆ. ಹಳೆಯ ಮದ್ರಾಸು ಪ್ರಾಂತ್ಯಕ್ಕೆಲ್ಲ ರೇಷ್ಮೆಯ ಮುಖ್ಯ ನೆಲೆ ಕೊಳ್ಳೇಗಾಲವೇ ಆಗಿತ್ತು. ರೇಷ್ಮೆಯ ಪಂಚೆ ಮದುವೆಯ ಹಸೆಮಣೆಗೂ ದೇವರ ಗುಡಿಗೂ ನಿಸ್ಸಂಕೋಚವಾಗಿ ಹೋಗುತ್ತದೆ. ಆದರೆ ಪಂಚೆಯುಟ್ಟವನು ದಾಟಲಾಗದ ಹೊಸ್ತಿಲುಗಳು ಈ ದೇಶದಲ್ಲಿ ಬಹುಕಾಲ ಇದ್ದವು. ಕ್ಲಬ್ಬಿನ ಹೊಸ್ತಿಲು ಅವುಗಳಲ್ಲೊಂದು.

ಕ್ಲಬ್ಬು ಎಂದರೇನು? ನಾಲ್ಕು ಜನ ಬಿಡುವಿನ ವೇಳೆಯಲ್ಲಿ ಕಲೆತು ಮಾತನಾಡುವ ಸ್ಥಳ ಎಂದು ಹೇಳಿದರೆ ತಪ್ಪಾಗದು. ಹಾಗೆ ನೋಡಿದರೆ ಪ್ರತಿಯೊಂದು ಹಳ್ಳಿಯ ಅರಳಿಕಟ್ಟೆಯೂ ಒಂದು ಕ್ಲಬ್ಬೇ. ಅಲ್ಲಿ ಮಳೆ ಬೆಳೆಗಳ ಮಾತು, ಊರಿನ ವ್ಯಾಜ್ಯ, ಹುಲಿಕಲ್ಲಿನ ಆಟ, ಮಲೆ ಮಹದೇಶ್ವರನ ಜಾತ್ರೆಗೆ ಹೊರಡುವ ಸಿದ್ಧತೆ ಎಲ್ಲವೂ ನಡೆಯುತ್ತವೆ. ಕಟ್ಟೆಗೆ ಬಾಗಿಲಿಲ್ಲ, ಚಂದಾ ಇಲ್ಲ, ಸದಸ್ಯರ ಪಟ್ಟಿಯಂತೂ ಇಲ್ಲವೇ ಇಲ್ಲ. ಆದರೂ ಅಲ್ಲಿ ಯಾರು ಮೇಲೆ ಕೂರಬೇಕು, ಯಾರು ದೂರ ನಿಲ್ಲಬೇಕು ಎಂಬ ಬರೆಯದ ನಿಯಮ ಇತ್ತೆಂಬುದನ್ನು ಮರೆಯುವಂತಿಲ್ಲ. ಇಂಗ್ಲಿಷರ ಕ್ಲಬ್ಬಿನಲ್ಲಿ ಅಂಥ ನಿಯಮವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು, ವ್ಯತ್ಯಾಸ ಅಷ್ಟೇ.

ಈ ಪದ್ಧತಿ ಹುಟ್ಟಿದ್ದು ಲಂಡನ್ ನಗರದ ಕಾಫಿ ಅಂಗಡಿಗಳಲ್ಲಿ. ಅಲ್ಲಿನ ಅತಿ ಹಳೆಯ ಕ್ಲಬ್ಬುಗಳಲ್ಲಿ ಒಂದಾದ ವೈಟ್ಸ್ 1693ರಲ್ಲಿ ಬಿಸಿ ಚಾಕೊಲೇಟ್ ಪಾನೀಯವನ್ನು ಮಾರುವ ಅಂಗಡಿಯಾಗಿ ಪ್ರಾರಂಭವಾಯಿತು. ದಿನವೂ ಬರುವ ಗಿರಾಕಿಗಳು ಕ್ರಮೇಣ ತಮ್ಮದೇ ಒಂದು ಕೊಠಡಿಯನ್ನು ಹಿಡಿದರು. ಅಪರಿಚಿತರು ಬಾರದಂತೆ ಬಾಗಿಲು ಹಾಕಿಕೊಂಡರು. ಹೊಸಬರನ್ನು ಸೇರಿಸಿಕೊಳ್ಳಲು ಅವರು ಕಂಡುಕೊಂಡ ಉಪಾಯವೂ ವಿಚಿತ್ರವಾದುದು. ಸದಸ್ಯರೆಲ್ಲರೂ ಒಂದು ಪೆಟ್ಟಿಗೆಯೊಳಕ್ಕೆ ಗುಟ್ಟಾಗಿ ಒಂದೊಂದು ಗೋಲಿಯನ್ನು ಹಾಕಬೇಕು. ಬಿಳಿಯ ಗೋಲಿ ಎಂದರೆ ಒಪ್ಪಿಗೆ. ಕರಿಯ ಗೋಲಿ ಎಂದರೆ ನಿರಾಕರಣೆ. ಎಷ್ಟೋ ಕಡೆ ಒಂದೆರಡು ಕರಿಯ ಗೋಲಿ ಬಿದ್ದರೂ ಸಾಕು, ಅರ್ಜಿದಾರನು ಹೊರಗೇ ಉಳಿಯುತ್ತಿದ್ದನು. ಯಾರು ಹಾಕಿದರು, ಏಕೆ ಹಾಕಿದರು ಎಂದು ಕೇಳುವ ಹಕ್ಕು ಅವನಿಗಿರಲಿಲ್ಲ.

ಇಂಗ್ಲಿಷರು ಭಾರತಕ್ಕೆ ಬಂದಾಗ ಈ ಪದ್ಧತಿಯನ್ನೂ ಜೊತೆಗೇ ತಂದರು. ಕಲ್ಕತ್ತೆಯಲ್ಲಿ 1827ರಲ್ಲಿ ಬೆಂಗಾಲ್ ಕ್ಲಬ್, ಮದ್ರಾಸಿನಲ್ಲಿ 1832ರಲ್ಲಿ ಮದ್ರಾಸ್ ಕ್ಲಬ್ ಹುಟ್ಟಿಕೊಂಡವು. ಸಾವಿರಾರು ಮೈಲಿ ದೂರದ ನಾಡಿನಲ್ಲಿ ತಮ್ಮ ಊರಿನ ಊಟ, ತಮ್ಮ ಭಾಷೆಯ ಪತ್ರಿಕೆ, ತಮ್ಮವರ ಸಹವಾಸ ಬೇಕೆನಿಸುವುದು ಸಹಜ. ಮನೆ ಬಿಟ್ಟು ದೂರ ಹೋದ ಯಾರಿಗೂ ಆ ಹಂಬಲ ಅರ್ಥವಾಗುತ್ತದೆ. ಆದರೆ ಆಳುವವರ ಕೂಟವು ಕೇವಲ ಹರಟೆಯ ಕೂಟವಾಗಿ ಉಳಿಯಲಿಲ್ಲ. ಕಲೆಕ್ಟರು, ಸೇನಾಧಿಕಾರಿ, ನ್ಯಾಯಾಧೀಶ, ತೋಟದ ಮಾಲೀಕ ಎಲ್ಲರೂ ಸಂಜೆ ಅಲ್ಲಿ ಸೇರುತ್ತಿದ್ದರು. ಹಗಲು ಕಚೇರಿಯಲ್ಲಿ ಬರೆಯಬೇಕಾದ ಎಷ್ಟೋ ತೀರ್ಮಾನಗಳು ಹಿಂದಿನ ರಾತ್ರಿ ಕ್ಲಬ್ಬಿನ ಮೇಜಿನ ಸುತ್ತಲೇ ಪಕ್ವವಾಗುತ್ತಿದ್ದವು. ಆ ಮೇಜಿನ ಬಳಿ ಭಾರತೀಯನಿಗೆ ಕುರ್ಚಿಯಿರಲಿಲ್ಲ. ಬರ್ಮಾ ದೇಶದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಜಾರ್ಜ್ ಆರ್ವೆಲ್ 1934ರಲ್ಲಿ ಪ್ರಕಟಿಸಿದ ‘ಬರ್ಮೀಸ್ ಡೇಸ್’ ಕಾದಂಬರಿಯ ಕಥೆಯೆಲ್ಲ ಇಂಥದೇ ಒಂದು ಸಣ್ಣ ಕ್ಲಬ್ಬಿನ ಸುತ್ತ ಹೆಣೆದುದು. ಅಲ್ಲಿ ಒಬ್ಬ ಭಾರತೀಯ ವೈದ್ಯನಿಗೆ ಆ ಕ್ಲಬ್ಬಿನ ಸದಸ್ಯತ್ವವೇ ತನ್ನ ಮಾನವನ್ನು ಕಾಪಾಡುವ ರಕ್ಷೆಯಾಗಿ ತೋರುತ್ತದೆ.

ಇಂಥ ಒಂದು ಕ್ಲಬ್ಬನ್ನು ಒಳಹೊಕ್ಕು ನೋಡಬೇಕೆನ್ನುವ ಕೊಳ್ಳೇಗಾಲದ ಪ್ರವಾಸಿಯು ಮಳವಳ್ಳಿ, ಕನಕಪುರಗಳ ಹಾದಿಯಲ್ಲಿ ಬೆಂಗಳೂರಿಗೆ ಹೋಗಬೇಕು. ಕಾವೇರಿಯನ್ನು ದಾಟುವಾಗ ಶಿವನಸಮುದ್ರದ ನೆನಪಾಗದೆ ಇರದು. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ರಾಜಧಾನಿಯ ದೀಪಕ್ಕೆ ಎಣ್ಣೆಯೆರೆದದ್ದು ಈ ಸೀಮೆಯ ಹೊಳೆಯೇ ಎಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಬೆಂಗಳೂರಿಗೆ ಅಂದು ಎರಡು ಮುಖಗಳಿದ್ದವು. ಒಂದು ಕೆಂಪೇಗೌಡನ ಪೇಟೆ. ಮತ್ತೊಂದು ದಂಡು. ಶ್ರೀರಂಗಪಟ್ಟಣದ ಹವೆ ಸೈನಿಕರ ಆರೋಗ್ಯಕ್ಕೆ ಒಗ್ಗದೆ ಹೋದುದರಿಂದ ಬ್ರಿಟಿಷರು 1809ರ ಸುಮಾರಿಗೆ ತಮ್ಮ ಪಾಳೆಯವನ್ನು ಬೆಂಗಳೂರಿಗೆ ತಂದರು. ಮೈಸೂರು ಸಂಸ್ಥಾನದ ಮಧ್ಯದಲ್ಲಿದ್ದರೂ ದಂಡಿನ ಪ್ರದೇಶದಲ್ಲಿ ಮಹಾರಾಜರ ಆಡಳಿತ ನಡೆಯುತ್ತಿರಲಿಲ್ಲ. 1947ರ ಜುಲೈ ತಿಂಗಳಿನಲ್ಲಿ ಮಾತ್ರ ಅದು ಮರಳಿ ಸಂಸ್ಥಾನಕ್ಕೆ ಸೇರಿತು. ಈ ದಂಡಿನಲ್ಲಿ 1868ರಲ್ಲಿ ಸೇನಾಧಿಕಾರಿಗಳು ಕೂಡಿ ಸ್ಥಾಪಿಸಿಕೊಂಡ ‘ಬೆಂಗಳೂರು ಯುನೈಟೆಡ್ ಸರ್ವಿಸ್ ಕ್ಲಬ್’ ಎಂಬುದೇ ಇಂದಿನ ಬೆಂಗಳೂರು ಕ್ಲಬ್. ಈಗಲೂ ಅದು ಖಾಸಗಿ ಸಂಸ್ಥೆ. ಸದಸ್ಯರೊಬ್ಬರ ಅತಿಥಿಯಾಗಿ ಹೋದವರಿಗೆ ಮಾತ್ರ ಒಳಗೆ ಪ್ರವೇಶ.

ರೆಸಿಡೆನ್ಸಿ ರಸ್ತೆಯ ವಾಹನಗಳ ಭರಾಟೆಯಿಂದ ಆವರಣದೊಳಕ್ಕೆ ಕಾಲಿಟ್ಟವನಿಗೆ ಮೊದಲು ಅನುಭವಕ್ಕೆ ಬರುವುದು ನಿಶ್ಶಬ್ದ. ದೊಡ್ಡ ಮರಗಳ ನೆರಳು, ವಿಶಾಲವಾದ ಹಸಿರು ಹಾಸು, ಅದರಾಚೆ ಹಳೆಯ ಕಾಲದ ಕಟ್ಟಡ, ಅದರ ಜಗಲಿ. ಬೇಲೂರನ್ನೋ ಸೋಮನಾಥಪುರವನ್ನೋ ಕಂಡ ಕಣ್ಣಿಗೆ ಅಲ್ಲಿ ಕೆತ್ತನೆಯೆಂಬುದೇ ಇಲ್ಲವೆನಿಸೀತು. ಅಲ್ಲಿನ ಶೃಂಗಾರದ ಬಗೆ ಬೇರೆ. ಬಿಸಿಲನ್ನು ಹೊರಗಿಡುವ ಮಾಡು, ಗಾಳಿಯನ್ನು ಒಳಗೆ ಕರೆಯುವ ಎತ್ತರದ ಬಾಗಿಲುಗಳು, ಗಡಿಬಿಡಿಯಿಲ್ಲದೆ ಕುಳಿತುಕೊಳ್ಳಲು ಹೇಳಿ ಮಾಡಿಸಿದ ಕುರ್ಚಿಗಳು. ಕೈತುಂಬ ಬಿಡುವಿದ್ದವರು ಬಿಡುವಿಗಾಗಿಯೇ ಕಟ್ಟಿಸಿದ ಮನೆ ಅದು. ವಿದ್ಯುತ್ತು ಬರುವುದಕ್ಕೆ ಮುಂಚಿನ ಕಾಲದಲ್ಲಿ ಇಂಥ ಕ್ಲಬ್ಬುಗಳ ಛಾವಣಿಯಿಂದ ಉದ್ದನೆಯ ಬಟ್ಟೆಯ ಪಂಖಗಳು ತೂಗುತ್ತಿದ್ದವು. ಅವುಗಳ ಹಗ್ಗ ಗೋಡೆಯ ತೂತಿನಿಂದ ಹಾದು ಹೊರಜಗಲಿಗೆ ಹೋಗುತ್ತಿತ್ತು. ಅಲ್ಲಿ ಕುಳಿತ ಆಳು ಮಧ್ಯಾಹ್ನವೆಲ್ಲ ಅದನ್ನು ಎಳೆಯುತ್ತಿದ್ದನು. ಒಳಗಿನವರಿಗೆ ಗಾಳಿ ಕಾಣುತ್ತಿತ್ತು, ಎಳೆಯುವವನು ಕಾಣುತ್ತಿರಲಿಲ್ಲ. ಭಾರತೀಯನಿಗೆ ಕ್ಲಬ್ಬಿನಲ್ಲಿ ಪ್ರವೇಶವೇ ಇರಲಿಲ್ಲ ಎನ್ನುವ ಮಾತು ಆ ದೃಷ್ಟಿಯಿಂದ ಪೂರ್ತಿ ನಿಜವಲ್ಲ. ಅಡಿಗೆಯವನು, ಬೇರರು, ಮಾಲಿ, ಬಿಲಿಯರ್ಡ್ಸ್ ಆಟದ ಲೆಕ್ಕವಿಡುವ ಮಾರ್ಕರು ಎಲ್ಲರೂ ಭಾರತೀಯರೇ. ಅವರು ಬರುತ್ತಿದ್ದುದು ಹಿಂಬಾಗಿಲಿನಿಂದ.

ಬೆಂಗಳೂರು ಕ್ಲಬ್ಬಿನಲ್ಲಿ ಅತಿಥಿಗಳಿಗೆ ತಪ್ಪದೆ ತೋರಿಸುವ ವಸ್ತುವೆಂದರೆ ಒಂದು ಹಳೆಯ ದಫ್ತರು. ಬಾಕಿ ಹಣವನ್ನು ಕೊಡದೆ ಹೋದ ಸದಸ್ಯರ ಹೆಸರುಗಳು 1899ರ ಜೂನ್ ತಿಂಗಳ ಸಭೆಯ ನಡವಳಿಯಲ್ಲಿ ದಾಖಲಾಗಿವೆ. ವಸೂಲಾಗದ ಬಾಕಿಯೆಂದು ತೀರ್ಮಾನಿಸಿ ಬರೆದ ಆ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಎಂಬ ಹೆಸರಿದೆ. ಅದರ ಮುಂದೆ 13 ರೂಪಾಯಿ ಎಂದಿದೆ. ಮುಂದೆ 1940ರಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿಯಾದ ವಿನ್‌ಸ್ಟನ್ ಚರ್ಚಿಲ್ಲನೇ ಆತ. 1896ರಲ್ಲಿ ಕುದುರೆ ದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರಿಗೆ ಬಂದಾಗ ಅವನಿಗೆ ಇನ್ನೂ 22 ವರ್ಷ ತುಂಬಿರಲಿಲ್ಲ. ಪೋಲೋ ಆಡುವುದು, ಗುಲಾಬಿ ಬೆಳೆಸುವುದು, ಚಿಟ್ಟೆ ಹಿಡಿಯುವುದು ಅವನ ದಿನಚರಿಯಾಗಿತ್ತು. ಆದರೆ ಇಷ್ಟಕ್ಕೆ ನಿಂತಿದ್ದರೆ ಅವನು ಬಾಕಿದಾರರ ಪಟ್ಟಿಯಲ್ಲಿಯೇ ಉಳಿಯುತ್ತಿದ್ದನೋ ಏನೋ! ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದ ಆ ತರುಣನು ತಾಯಿಗೆ ಬರೆದು ಪೆಟ್ಟಿಗೆಗಟ್ಟಲೆ ಪುಸ್ತಕ ತರಿಸಿಕೊಂಡು, ಬೆಂಗಳೂರಿನ ದೀರ್ಘ ಮಧ್ಯಾಹ್ನಗಳಲ್ಲಿ ಗಿಬ್ಬನ್, ಮೆಕಾಲೆ, ಪ್ಲೇಟೋ ಮೊದಲಾದವರ ಗ್ರಂಥಗಳನ್ನು ಓದಿದನು. 1953ರಲ್ಲಿ ಅವನಿಗೆ ಸಾಹಿತ್ಯದ ನೊಬೆಲ್ ಪಾರಿತೋಷಕ ಬಂದಿತು. ಭಾರತಕ್ಕೆ ಸ್ವಯಮಾಡಳಿತ ಕೊಡುವುದನ್ನು ಹಟ ಹಿಡಿದು ವಿರೋಧಿಸಿದವನೂ ಅವನೇ. ಆ ಬಾಕಿಯನ್ನು ತೀರಿಸಲು ಮುಂದೆ ಬಂದ ಅತಿಥಿಗಳಿಂದ ಕ್ಲಬ್ಬು ಹಣ ಸ್ವೀಕರಿಸಿಲ್ಲವೆಂದು ಹೇಳುತ್ತಾರೆ. ಸಲ್ಲದ 13 ರೂಪಾಯಿಯೇ ಸಂದ ಹಣಕ್ಕಿಂತ ಹೆಚ್ಚು ಬೆಲೆಯುಳ್ಳದ್ದೆಂದು ಅವರು ಅರಿತಿರಬೇಕು.

ಹಳೆಯ ಕ್ಲಬ್ಬುಗಳ ಇತರ ಕೊಠಡಿಗಳಲ್ಲಿಯೂ ಒಂದೊಂದು ಕಥೆಯಿದೆ. ಸ್ನೂಕರ್ ಆಟ ಹುಟ್ಟಿದ್ದು 1875ರಲ್ಲಿ ಜಬಲ್ಪುರದಲ್ಲಿದ್ದ ಸೈನಿಕರ ನಡುವೆ. ಅದಕ್ಕೆ ಕಟ್ಟುನಿಟ್ಟಾದ ನಿಯಮಗಳು ಏರ್ಪಟ್ಟದ್ದು 1880ರ ದಶಕದಲ್ಲಿ ಊಟಿಯ ಕ್ಲಬ್ಬಿನಲ್ಲಿ. ಬಾಗಿಲ ಹೊರಗಿನವರಿಗೆ ನಿಷಿದ್ಧವಾಗಿದ್ದ ಆ ಆಟದಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿಯವರು ಮತ್ತೆ ಮತ್ತೆ ವಿಶ್ವ ಚಾಂಪಿಯನ್ ಆದರು. ಊಟಿಯ ಕ್ಲಬ್ಬಿನ ಗೋಡೆಗಳ ಮೇಲೆ ಬೇಟೆಯಲ್ಲಿ ಕೊಂದ ಪ್ರಾಣಿಗಳ ತಲೆಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಅಂಥ ಮೃಗಗಳ ಚರ್ಮ ಹದಮಾಡಿ ಜೀವಂತವೆಂಬಂತೆ ನಿಲ್ಲಿಸುವುದರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆ 1900ರಿಂದ 1999ರವರೆಗೆ ಜಗತ್ಪ್ರಸಿದ್ಧವಾಗಿತ್ತು. ಹುಲಿ, ಕಾಟಿ, ಕಡವೆಗಳಿಂದ ತುಂಬಿದ್ದ ಯಳಂದೂರು, ಹನೂರುಗಳ ಸುತ್ತಣ ಕಾಡುಗಳು ಬೇಟೆಗಾರರಿಗೆ ಅಂದು ಚಿರಪರಿಚಿತ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆ ನಿಂತಿತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿಗಳ ರಕ್ಷಿತ ಪ್ರದೇಶವಾಯಿತು. ಗೋಡೆಯ ಮೇಲಿನ ಗಾಜಿನ ಕಣ್ಣುಗಳು ಮಾತ್ರ ಹಾಗೆಯೇ ನೋಡುತ್ತಿವೆ.

ಇನ್ನು ಹೆಂಗಸರ ಪಾಡು. ಇಂಗ್ಲಿಷ್ ಹೆಂಗಸರೇ ಆದರೂ ಮುಖ್ಯ ಕೊಠಡಿಗಳಿಗೆ ಬರುವಂತಿರಲಿಲ್ಲ. ಅವರಿಗಾಗಿ ಪಕ್ಕದಲ್ಲಿ ಪ್ರತ್ಯೇಕ ಜಾಗವಿರುತ್ತಿತ್ತು. ಅದನ್ನು ಗಂಡಸರು ಹಾಸ್ಯವಾಗಿ ‘ಮುರ್ಗಿಖಾನೆ’, ಎಂದರೆ ಕೋಳಿಗೂಡು, ಎನ್ನುತ್ತಿದ್ದರಂತೆ. ಹದಿನೇಳನೆಯ ಶತಮಾನದಲ್ಲಿಯೇ ಯಳಂದೂರಿನ ಹೊನ್ನಮ್ಮನು ಚಿಕ್ಕದೇವರಾಜ ಒಡೆಯರ ಅರಮನೆಗೆ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳಾಗಿ ಹೋಗಿ, ಅಲ್ಲಿಯೇ ‘ಹದಿಬದೆಯ ಧರ್ಮ’ವನ್ನು ರಚಿಸಿ ಕವಿಯೆನಿಸಿಕೊಂಡದ್ದು ಇಲ್ಲಿ ನೆನಪಾಗುತ್ತದೆ. ಆಕೆಯೂ ಒಳಹೊಕ್ಕದ್ದು ಸೇವಕಿಯರ ಬಾಗಿಲಿನಿಂದಲೇ.

ಹೊರಗೆ ನಿಂತವರು ಸುಮ್ಮನಿದ್ದರೆ? ಇರಲಿಲ್ಲ. ಕಲ್ಕತ್ತೆಯಲ್ಲಿ ನಡೆದ ಪ್ರಸಂಗವೊಂದನ್ನು ಇಂದಿಗೂ ಹೇಳುತ್ತಾರೆ. ವೈಸ್‌ರಾಯ್ ಮಿಂಟೋ ಪ್ರಭುವು ಪ್ರಸಿದ್ಧ ಉದ್ಯಮಿ ರಾಜೇಂದ್ರನಾಥ ಮುಖರ್ಜಿಯವರನ್ನು ಬೆಂಗಾಲ್ ಕ್ಲಬ್ಬಿಗೆ ಊಟಕ್ಕೆ ಕರೆದನು. ಭಾರತೀಯರಿಗೆ ಪ್ರವೇಶವಿಲ್ಲವೆಂದು ಅವರನ್ನು ಬಾಗಿಲಲ್ಲಿಯೇ ತಡೆಯಲಾಯಿತು. ವೈಸ್‌ರಾಯನ ಅತಿಥಿಗೇ ಆ ಗತಿ! ಅದರ ಫಲವಾಗಿ 1907ರಲ್ಲಿ ಭಾರತೀಯರಿಗೂ ಯೂರೋಪಿಯನ್ನರಿಗೂ ಸಮಾನ ಸ್ಥಾನವುಳ್ಳ ಕಲ್ಕತ್ತಾ ಕ್ಲಬ್ ಹುಟ್ಟಿತು. ಬೆಂಗಳೂರಿನಲ್ಲಿ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಕಬ್ಬನ್ ಉದ್ಯಾನದ ಮಗ್ಗುಲಲ್ಲಿ ಸೆಂಚುರಿ ಕ್ಲಬ್ಬನ್ನು ಸ್ಥಾಪಿಸಿದರು. ಮೊದಲ ನೂರು ಸದಸ್ಯರ ನೆನಪಿಗೆ ಆ ಹೆಸರೆಂದು ಪ್ರತೀತಿ. ಅದಕ್ಕೆ ಎರಡು ವರ್ಷ ಮೊದಲು, 1915ರಲ್ಲಿ, ಅವರ ದಿವಾನಗಿರಿಯಲ್ಲಿಯೇ ಕನ್ನಡ ಸಾಹಿತ್ಯ ಪರಿಷತ್ತು ಜನ್ಮ ತಾಳಿತ್ತು. ಮುಚ್ಚಿದ ಬಾಗಿಲನ್ನು ಬಡಿಯುತ್ತ ನಿಲ್ಲುವುದಕ್ಕಿಂತ ತಮ್ಮದೇ ಮನೆ ಕಟ್ಟುವುದು ಅವರಿಗೆ ಒಪ್ಪಿಗೆಯಾದ ಮಾರ್ಗ. ಆದರೆ ಸೆಂಚುರಿ ಕ್ಲಬ್ಬೂ ಕ್ಲಬ್ಬೇ. ಅಲ್ಲಿಗೆ ಹೋದವರು ಅಧಿಕಾರಿಗಳು, ವಕೀಲರು, ಪಂಡಿತರು. ಕೊಳ್ಳೇಗಾಲದ ನೇಕಾರನಿಗೆ ಅಲ್ಲಿ ಏನು ಕೆಲಸ?

ಸ್ವಾತಂತ್ರ್ಯ ಬಂದ ಮೇಲೆ ಬಣ್ಣದ ಬೇಲಿ ಒಂದೊಂದಾಗಿ ಮುರಿಯಿತು. ಬೆಂಗಾಲ್ ಕ್ಲಬ್ಬು ಭಾರತೀಯರಿಗೆ ತೆರೆದದ್ದು ಮಾತ್ರ 1959ರಲ್ಲಿ. ಆದರೆ ಬಣ್ಣ ಹೋದ ಜಾಗದಲ್ಲಿ ಬಟ್ಟೆ ಉಳಿಯಿತು. ಕಾಲಿಗೆ ಬೂಟು, ಸೊಂಟಕ್ಕೆ ಷರಾಯಿ, ಅಂಗಿಗೆ ಕಾಲರು ಇರಲೇಬೇಕೆಂಬ ನಿಯಮವನ್ನು ಎಷ್ಟೋ ಕ್ಲಬ್ಬುಗಳು ಬಿಡಲಿಲ್ಲ. ಬರಿಗಾಲಿನಲ್ಲಿ ನಡೆಯುತ್ತಿದ್ದ ಚಿತ್ರಕಾರ ಎಂ. ಎಫ್. ಹುಸೇನರನ್ನು ಮುಂಬಯಿಯ ಕ್ಲಬ್ಬೊಂದು ಒಳಕ್ಕೆ ಬಿಡದಿದ್ದುದು ಆ ಕಾಲದಲ್ಲಿ ದೊಡ್ಡ ಸುದ್ದಿಯಾಯಿತು. 2014ರ ಜುಲೈನಲ್ಲಿ ಚೆನ್ನೈನ ಕ್ಲಬ್ಬೊಂದರಲ್ಲಿ ಪುಸ್ತಕ ಬಿಡುಗಡೆಗೆಂದು ಪಂಚೆಯುಟ್ಟು ಹೋದ ಮದ್ರಾಸ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರನ್ನೇ ಬಾಗಿಲಲ್ಲಿ ತಡೆದರು. ನ್ಯಾಯ ಹೇಳುವವರಿಗೇ ಆದ ಆ ಅನ್ಯಾಯ ಶಾಸನಸಭೆಯವರೆಗೂ ಹೋಯಿತು. ಪಂಚೆಯಂಥ ಸಾಂಪ್ರದಾಯಿಕ ಉಡುಪನ್ನು ಕಾರಣವಾಗಿಟ್ಟುಕೊಂಡು ಪ್ರವೇಶ ನಿರಾಕರಿಸುವುದನ್ನು ತಮಿಳುನಾಡು ಅದೇ ವರ್ಷ ಕಾಯಿದೆಯ ಮೂಲಕ ನಿಷೇಧಿಸಿತು. ತಪ್ಪಿದ ಕ್ಲಬ್ಬಿನ ಪರವಾನಗಿ ರದ್ದಾಗಬಹುದು.

ಕ್ಲಬ್ಬಿನ ಈ ಅಭ್ಯಾಸ ಕ್ಲಬ್ಬಲ್ಲದ ಕಡೆಗೂ ಹಬ್ಬಿತೆಂಬುದು ಹೆಚ್ಚು ಖೇದದ ಸಂಗತಿ. 2024ರ ಜುಲೈನಲ್ಲಿ ಮಗನೊಡನೆ ಚಲನಚಿತ್ರ ನೋಡಲು ಬೆಂಗಳೂರಿನ ಮಾಲ್ ಒಂದಕ್ಕೆ ಹೋದ ವೃದ್ಧ ರೈತರೊಬ್ಬರನ್ನು ಪಂಚೆಯುಟ್ಟಿದ್ದಾರೆಂದು ಕಾವಲುಗಾರರು ತಡೆದರು. ಟಿಕೆಟ್ ಕೈಯಲ್ಲಿತ್ತು. ಜನ ಸಿಟ್ಟಿಗೆದ್ದರು, ವಿಧಾನಸಭೆಯಲ್ಲಿ ಚರ್ಚೆಯಾಯಿತು, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. ತಡೆದ ಕಾವಲುಗಾರನ ಮನೆಯಲ್ಲಿಯೂ ಪಂಚೆಯುಡುವ ತಂದೆಯೋ ತಾತನೋ ಇದ್ದಿರಬಹುದು. ನಿಯಮ ಮಾಡಿದವರು ಯಾರೋ, ಬಾಗಿಲಲ್ಲಿ ನಿಂತು ಮಾತು ಕೇಳಿಸಿಕೊಂಡವನು ಅವನು. ಕ್ಲಬ್ಬು ಖಾಸಗಿ ಮನೆಯಂತೆ, ತನಗೆ ಬೇಕಾದವರನ್ನು ಮಾತ್ರ ಕರೆದುಕೊಳ್ಳಬಹುದು ಎಂದು ವಾದಿಸಬಹುದು. ಅಂಗಡಿ, ಹೋಟೆಲು, ಮನೋರಂಜನೆಯ ಸ್ಥಳಗಳ ವಿಷಯದಲ್ಲಿ ಆ ವಾದ ನಡೆಯದು. ಅಲ್ಲಿ ಮತ, ಜಾತಿ, ಲಿಂಗ, ಹುಟ್ಟಿದ ಊರುಗಳ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದು ಸಂವಿಧಾನದ 15ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಉಡುಪಿನ ಮಾತು ಆ ವಿಧಿಯಲ್ಲಿಲ್ಲ. ಅದನ್ನು ಬರೆಯಬೇಕಾದೀತೆಂದು ಆಗ ಯಾರಿಗೂ ಹೊಳೆದಿರಲಾರದು.

ಬೆಂಗಳೂರಿನ ದಂಡಿನಲ್ಲಿ 1868ರಲ್ಲಿಯೇ ಮತ್ತೊಂದು ಸಂಸ್ಥೆಯೂ ಆರಂಭವಾಯಿತು. ಸಾಹಿತ್ಯ ಮತ್ತು ವಿಜ್ಞಾನಗಳ ವ್ಯಾಸಂಗಕ್ಕೆಂದು ಬಿ. ಎಲ್. ರೈಸ್ ಸ್ಥಾಪಿಸಿದ ಬೌರಿಂಗ್ ಇನ್‌ಸ್ಟಿಟ್ಯೂಟ್ ಅದು. ಕಾಲಕ್ರಮದಲ್ಲಿ ಅದೂ ಕ್ಲಬ್ಬಾಯಿತು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಕನ್ನಡವನ್ನು ಕನ್ನಡಿಗರಂತೆ ಬಲ್ಲವರು. ಅವರ ಮನಸ್ಸು ಮಾತ್ರ ಕ್ಲಬ್ಬಿನ ಕುರ್ಚಿಯಲ್ಲಿ ಕೂರಲಿಲ್ಲ. ಊರೂರುಗಳ ಗುಡಿ, ಕೆರೆ, ಹೊಲಗಳಲ್ಲಿ ಬಿದ್ದಿದ್ದ ಸಾವಿರಾರು ಶಾಸನಗಳನ್ನು ಪಡಿಯಚ್ಚು ತೆಗೆಸಿ, ಓದಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. 1898ರ ನಾಲ್ಕನೆಯ ಸಂಪುಟದಲ್ಲಿ ಯಳಂದೂರಿನ ಶಾಸನಗಳಿವೆ. ಆಗ ಯಳಂದೂರು ದಿವಾನ್ ಪೂರ್ಣಯ್ಯನವರ ವಂಶಸ್ಥರ ಜಹಗೀರು. ಪೂರ್ಣಯ್ಯನವರಿಗೆ 1807ರಲ್ಲಿ ಅದು ದೊರೆತಿತ್ತು. ಕೊಳ್ಳೇಗಾಲದಿಂದ ಹೆಚ್ಚು ದೂರವಿಲ್ಲದ ಊರಾದರೂ ಅದು ಮೈಸೂರು ಸೀಮೆ. ಕೊಳ್ಳೇಗಾಲ, ಹನೂರುಗಳು 1956ರವರೆಗೆ ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು.

ಬೆಂಗಳೂರಿನಿಂದ ಹಿಂದಿರುಗಿದ ಪ್ರವಾಸಿಯು ಯಳಂದೂರಿನ ಗೌರೀಶ್ವರ ದೇವಾಲಯದ ಮುಂದೆ ಒಂದು ಗಳಿಗೆ ನಿಲ್ಲಬೇಕು. ಕ್ಲಬ್ಬಿನಲ್ಲಿ ಅರಸಿ ಕಾಣದೆ ಹೋದ ಕೆತ್ತನೆಯೆಲ್ಲ ಇಲ್ಲಿ ಒಂದು ಬಾಗಿಲಿನಲ್ಲಿಯೇ ತುಂಬಿದೆ. ಗುಡಿಗಿಂತ ಅದರ ಪ್ರವೇಶಮಂಟಪವೇ ಹೆಚ್ಚು ಪ್ರಸಿದ್ಧ. ಬಳೆಮಂಟಪವೆಂದು ಅದರ ಹೆಸರು. ಹದಿನೇಳನೆಯ ಶತಮಾನದಲ್ಲಿ ಹದಿನಾಡಿನ ಅರಸರು ಕಟ್ಟಿಸಿದುದು. ಗೋಡೆಯ ಮೇಲೆ ಶಿವಲೀಲೆಗಳ, ರಾಮಾಯಣದ ಮೂರ್ತಿಗಳು; ಮೂಲೆಗಳಲ್ಲಿ ಕಲ್ಲಿನಲ್ಲಿಯೇ ಕಡೆದು ಒಂದಕ್ಕೊಂದು ಪೋಣಿಸಿದ ಬಳೆಗಳು. ಕಲ್ಲನ್ನು ಒಡೆಯದೆ, ಬೆಸೆಯದೆ, ಬಳೆಯೊಳಗೆ ಬಳೆ ತೂಗುವಂತೆ ಬಿಡಿಸಿದ ಶಿಲ್ಪಿಯ ತಾಳ್ಮೆ ಎಂಥದಿರಬೇಕು! ಉಳಿಯ ಒಂದೇ ಒಂದು ಏಟು ತಪ್ಪಿದ್ದರೆ ಸರಪಳಿಯೆಲ್ಲ ವ್ಯರ್ಥ.

ಈ ಬಾಗಿಲು ಮೊದಲಿನಿಂದಲೂ ಸರ್ವರಿಗೂ ತೆರೆದಿತ್ತೆಂದು ಭಾವಿಸಬಾರದು. ಕ್ಲಬ್ಬಿನ ಪುಸ್ತಕದಲ್ಲಿದ್ದ ನಿಯಮಕ್ಕಿಂತ ಕಠಿಣವಾದ, ಶತಮಾನಗಳಷ್ಟು ಹಳೆಯ ನಿಯಮ ನಮ್ಮ ನಾಡಿನ ಗುಡಿಗಳಲ್ಲಿತ್ತು. ಕಲ್ಲು ಹೊತ್ತವರ, ಕೆರೆ ತೋಡಿದವರ ಮಕ್ಕಳೇ ಬೀದಿಯಲ್ಲಿ ನಿಂತು ಕೈಮುಗಿಯಬೇಕಾಗಿತ್ತು. ಕೊಳ್ಳೇಗಾಲ, ಹನೂರುಗಳಿದ್ದ ಮದ್ರಾಸು ಪ್ರಾಂತ್ಯದಲ್ಲಿ 1947ರಲ್ಲಿಯೂ ಯಳಂದೂರಿದ್ದ ಮೈಸೂರಿನಲ್ಲಿ ಮರುವರ್ಷವೂ ದೇವಾಲಯ ಪ್ರವೇಶದ ಕಾಯಿದೆಗಳು ಬಂದವು. 1950ರಲ್ಲಿ ಸಂವಿಧಾನವು ಅಸ್ಪೃಶ್ಯತೆಯನ್ನೇ ಅಳಿಸಿಹಾಕಿತು. ಕಾಯಿದೆ ಬಂದ ದಿನವೇ ಎಲ್ಲ ಊರುಗಳಲ್ಲಿ ಎಲ್ಲರೂ ಒಳನಡೆದರೆಂದಲ್ಲ. ಎಷ್ಟೋ ಕಡೆ ಮೊದಲ ಹೆಜ್ಜೆ ಇಡಲು ಕ್ಲಬ್ಬಿನ ಬಾಗಿಲು ದಾಟುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕಾಯಿತು.

ಇಂದು ಬಳೆಮಂಟಪದ ಕೆಳಗೆ ಹಾದುಹೋಗುವವನನ್ನು ಯಾವ ಊರು, ಯಾರ ಅತಿಥಿ ಎಂದು ಕೇಳುವವರಿಲ್ಲ. ಶಾಲೆಯ ಮಕ್ಕಳು ಕತ್ತೆತ್ತಿ ಕಲ್ಲಿನ ಬಳೆಗಳನ್ನು ಎಣಿಸುತ್ತಾರೆ. ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಪ್ರಾರಂಭಿಸುತ್ತಾರೆ. ಹೊಲದಿಂದ ಬಂದ ಮುದುಕನು ಪಂಚೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ಕಂಬಕ್ಕೆ ಬೆನ್ನು ಕೊಟ್ಟು, ಬಿಸಿಲು ಇಳಿಯಲೆಂದು ಕುಳಿತಿರುತ್ತಾನೆ.